ಕೇಸ್ ಪೇಪರ್ ತನ್ನಿ ಅಂದಿದ್ದಕ್ಕೆ

ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಗಡಿಯಾರ ನಿಲ್ಲಿಸುವ ಒಂದು ಬಟನ್ ಇದೆ. ಅದರ ಹೆಸರು ಕ್ವೆರಿ. ಆ ಬಟನ್ನಿನ ಮೇಲೆ ನನಗಿರುವಷ್ಟು ಸಿಟ್ಟು ಈ ಊರಿನಲ್ಲಿ ಇನ್ನಾವ ವಸ್ತುವಿನ ಮೇಲೂ ಇಲ್ಲ.

ನಮ್ಮದು ರಾಜಾಜಿನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿರುವ ಕ್ಲೇಮ್ ಆಫೀಸು. ಆರೋಗ್ಯ ವಿಮೆ ಮಾರುವವರು ನಾವಲ್ಲ, ಚಿಕಿತ್ಸೆ ಕೊಡುವವರೂ ಅಲ್ಲ. ವಿಮೆ ಕಂಪನಿಯ ಪರವಾಗಿ ನಡುವೆ ಕೂತು, ಆಸ್ಪತ್ರೆಯ ಕಾಗದಗಳನ್ನು ನೋಡಿ, ಇದಕ್ಕೆ ಕೊಡಬಹುದು, ಇದಕ್ಕೆ ಕೊಡಬಾರದು ಎಂದು ಹೇಳುವವರು. ನಾನು ಕಾಗದ ಕೂಡಿಸುವ ವಿಭಾಗದವಳು. ಫೈಲು ಬಂದ ಕ್ಷಣದಿಂದ ಅದರ ಪಕ್ಕದಲ್ಲಿ ಗಡಿಯಾರ ಓಡುತ್ತದೆ. ಗೊತ್ತುಮಾಡಿದ ದಿನಗಳೊಳಗೆ ತೀರ್ಮಾನ ಆಗದಿದ್ದರೆ ಆ ಸಾಲು ಕೆಂಪಾಗುತ್ತದೆ, ವಿಮೆ ಕಂಪನಿಯವರು ಮ್ಯಾನೇಜರ್‌ಗೆ ಫೋನ್ ಮಾಡಿ ಬೈಯುತ್ತಾರೆ. ಆದರೆ ಯಾವುದೋ ಕಾಗದ ಕಡಿಮೆಯಿದೆ ಎಂದು ಕ್ವೆರಿ ಒತ್ತಿದರೆ ಗಡಿಯಾರ ನಿಲ್ಲುತ್ತದೆ, ಸಾಲು ಹಸಿರಾಗಿಯೇ ಇರುತ್ತದೆ. ಕಾಗದ ತರಬೇಕಾದವರು ಅಲೆಯಲಿ, ಅಳಲಿ, ಹಾಳಾಗಿ ಹೋಗಲಿ, ನಮ್ಮ ಸ್ಕ್ರೀನಿನಲ್ಲಿ ಎಲ್ಲವೂ ಸುಸೂತ್ರ.

ಇದರಿಂದ ಏನಾಯಿತೆಂದರೆ, ಬೇಕಾದ ಕಾಗದಗಳನ್ನೆಲ್ಲ ಒಟ್ಟಿಗೆ ಕೇಳುವವರು ನಮ್ಮಲ್ಲಿ ದಡ್ಡರೆನಿಸಿಕೊಂಡರು. ಮೊದಲು ಒಂದು ಕೇಳು, ಅದು ಬಂದ ಮೇಲೆ ಇನ್ನೊಂದು ಕೇಳು, ಅದೂ ಬಂದ ಮೇಲೆ ಮೊದಲನೆಯದರ ಹಿಂದಿನ ಪುಟ ಕೇಳು. ಹೀಗೆ ಮಾಡುವವರ ಗಡಿಯಾರ ಹೆಚ್ಚು ಹೊತ್ತು ನಿಂತಿರುತ್ತಿತ್ತು. ತಿಂಗಳ ಮೀಟಿಂಗಿನಲ್ಲಿ ಚಪ್ಪಾಳೆ ಬೀಳುತ್ತಿದ್ದದ್ದು ಅವರಿಗೇ.

ಕಳೆದ ವರ್ಷ ಮೇಲಿನವರಿಗೆ ಜ್ಞಾನೋದಯವಾಯಿತು. ಕಾಗದ ಬರುವುದು ತಡವಾಗುತ್ತಿದೆ, ಅದಕ್ಕೊಂದು ಆ್ಯಪ್ ತರೋಣ ಎಂದರು. ಅಲ್ಲಿಯವರೆಗೆ ಏನು ಬೇಕೋ ಅದನ್ನು ನಾವು ಫೋನ್ ಮಾಡಿ ಹೇಳುತ್ತಿದ್ದೆವು. "ಅಮ್ಮಾ, ಡಾಕ್ಟ್ರು ಮನೆಗೆ ಕಳಿಸ್ವಾಗ ಒಂದು ಕಾರ್ಡ್ ಕೊಟ್ರಲ್ಲ, ಅದರ ಹಿಂದಿನ ಪೇಜೂ ಫೋಟೋ ಹೊಡ್ದು ಕಳ್ಸಿ" ಎಂದರೆ ಕೆಲಸ ಮುಗಿಯುತ್ತಿತ್ತು. ಹೊಸ ಆ್ಯಪಿನಲ್ಲಿ ಮಾತಿಗೆ ಜಾಗವಿಲ್ಲ. ಕಾಗದಗಳ ಇಂಗ್ಲಿಷ್ ಹೆಸರುಗಳ ಪಟ್ಟಿ ತೆರೆಯುತ್ತದೆ, ಟಿಕ್ ಹಾಕಿದರೆ ಜನರ ಮೊಬೈಲಿಗೆ ಮೆಸೇಜು ತಾನಾಗಿಯೇ ಹೋಗುತ್ತದೆ. ನಮ್ಮ ಟೇಬಲ್ಲುಗಳ ಮೇಲಿದ್ದ ಫೋನುಗಳನ್ನು ಕಿತ್ತು ರಟ್ಟಿನ ಡಬ್ಬಕ್ಕೆ ತುಂಬಿದರು.

ತರಬೇತಿಯ ದಿನವೇ ನಾನು ಕೈ ಎತ್ತಿದ್ದೆ. "ಸಾರ್, ಇಂಡೋರ್ ಕೇಸ್ ಪೇಪರ್ಸ್ ಅಂತ ಹೋದ್ರೆ ಜನಕ್ಕೆ ಏನ್ ಅರ್ಥ ಆಗತ್ತೆ?"

"ಎಲ್ರ ಕೈಲೂ ಸ್ಮಾರ್ಟ್‌ಫೋನ್ ಇದೆ ಮೇಡಂ, ಹುಡುಕ್ಕೋತಾರೆ" ಎಂದರು ಮ್ಯಾನೇಜರ್. "ನೀವ್ ಸ್ವಲ್ಪ ಚೇಂಜ್‌ಗೆ ಅಡ್ಜಸ್ಟ್ ಆಗ್ಬೇಕು."

ಇಂಡೋರ್ ಕೇಸ್ ಪೇಪರ್ಸ್ ಎಂದರೆ ರೋಗಿ ವಾರ್ಡಿನಲ್ಲಿದ್ದಷ್ಟು ದಿನ ಡಾಕ್ಟರು ರೌಂಡ್ಸಿಗೆ ಬಂದು ಬರೆದದ್ದು, ನರ್ಸು ಜ್ವರ, ಬಿಪಿ ನೋಡಿ ಬರೆದದ್ದು, ಆ ಎಲ್ಲ ಹಾಳೆಗಳು. ಅವು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಮನೆಗೆ ಹೋಗುವಾಗ ಯಾರೂ ಅವನ್ನು ರೋಗಿಯ ಕೈಗೆ ಕೊಟ್ಟು ಕಳಿಸುವುದಿಲ್ಲ. ಇಷ್ಟು ನಮಗೆ ಗೊತ್ತು. ಬ್ಯಾಡರಹಳ್ಳಿಯಲ್ಲಿ ಬಾಡಿಗೆ ರೂಮು ಮಾಡಿಕೊಂಡು, ಖಾನಾವಳಿಯಲ್ಲಿ ಜೋಳದ ರೊಟ್ಟಿ ತಟ್ಟುವ ಹೆಂಗಸಿಗೆ ಹೇಗೆ ಗೊತ್ತಿರಬೇಕು?

ಆಕೆ ನನಗೆ ಸಿಕ್ಕಿದ್ದು ನಮ್ಮ ಕಟ್ಟಡದ ಮೆಟ್ಟಿಲಿನ ಮೇಲೆ. ಮಧ್ಯಾಹ್ನ ಟೀ ಕುಡಿಯಲು ಕೆಳಗಿಳಿದಿದ್ದೆ. ನಮ್ಮಲ್ಲಿ ಜನರಿಗೆ ಕೌಂಟರಿಲ್ಲ, ಯಾರೇ ಬಂದರೂ ಆ್ಯಪಿನಲ್ಲಿ ಹಾಕಿ ಎಂದು ಸೆಕ್ಯುರಿಟಿಯವರು ವಾಪಸ್ ಕಳಿಸುತ್ತಾರೆ. ಆಕೆ ವಾಪಸ್ ಹೋಗಿರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಎದೆಗವಚಿಕೊಂಡು ಕೂತಿದ್ದಳು. ನನ್ನ ಕುತ್ತಿಗೆಯ ಐಡಿ ಕಾರ್ಡ್ ನೋಡಿ ಎದ್ದು ನಿಂತಳು.

"ಅಕ್ಕಾರ, ನೀವು ಮ್ಯಾಲಿನ ಇನ್ಸೂರೆನ್ಸ್ ಆಫೀಸಿನವ್ರೇನ್ರಿ? ನಮ್ಮ ಮನಿಯವ್ರ ಕಾಲಿಂದು ಒಂದ್ ಫೈಲ್ ಐತ್ರಿ."

ಗಂಡ ಊಟದ ಪಾರ್ಸೆಲ್ ಡೆಲಿವರಿ ಮಾಡುವವನು. ಮಾಗಡಿ ರೋಡಿನಲ್ಲಿ ಪೈಪಿಗೆಂದು ಅಗೆದು ಬಿಟ್ಟಿದ್ದ ಕಡೆ ಗಾಡಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಬಸವೇಶ್ವರನಗರದ ಒಂದು ಆಸ್ಪತ್ರೆಯಲ್ಲಿ ಒಳಗೆ ರಾಡ್ ಹಾಕಿದ್ದರು. ಅದರ ಖರ್ಚು ವಾಪಸ್ ಕೇಳಿ ಹಾಕಿದ ಕ್ಲೇಮು ನಮ್ಮಲ್ಲಿತ್ತು. ಅಷ್ಟರಲ್ಲಿ ಗಾಯ ಕೀವಾಯಿತು. ಮತ್ತೆ ಕೊಯ್ದು, ರಾಡ್ ತೆಗೆದು, ಒಳಗೆಲ್ಲ ಸ್ವಚ್ಛ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಈ ಸಲ ಕೈಯಿಂದ ಕಟ್ಟಲು ಏನೂ ಉಳಿದಿರಲಿಲ್ಲವಾದ್ದರಿಂದ, ವಿಮೆಯಿಂದಲೇ ನೇರವಾಗಿ ಆಗಲಿ ಎಂದು ಆಸ್ಪತ್ರೆ ನಮ್ಮ ಒಪ್ಪಿಗೆ ಕೇಳಿತ್ತು. ನಾವು ಒಪ್ಪಿರಲಿಲ್ಲ. ಮೊದಲನೇ ಕ್ಲೇಮಿಗೆ ಕ್ವೆರಿ ಇದೆ, ಅದು ಮುಗಿಯದೆ ಎರಡನೆಯದನ್ನು ನೋಡುವುದಿಲ್ಲ ಎಂದು ಬರೆದಿದ್ದೆವು.

"ಕ್ವೆರಿಗೆ ಏನು ಕೇಳಿದಾರೆ?" ಎಂದೆ.

"ಕೇಸ್ ಪೇಪರ್ ಕೇಳ್ಯಾರ್ರಿ. ನಾ ಆವತ್ತೇ ತಂದು ಹಾಕೀನ್ರಿ. ಈಗ ಮತ್ತೊಂದು ಮೆಸೇಜ್ ಬಂದೈತ್ರಿ, ಅದ್ರಾಗೇನೈತೋ ತಿಳೀವಲ್ದು."

ಮೊಬೈಲ್ ತೋರಿಸಿದಳು. ಫೈಲು ಇನ್ವೆಸ್ಟಿಗೇಶನ್ನಿಗೆ ಹೋಗಿದೆ ಎಂದಿತ್ತು. ಎಂದರೆ ಅನುಮಾನದ ಫೈಲು. ಕ್ವೆರಿಯೂ ಹಾಗೇ ಬಾಕಿ ಇತ್ತು. ಆಮೇಲೆ ಕವರಿನಿಂದ ಆ ಕೇಸ್ ಪೇಪರನ್ನು ತೆಗೆದು ನನ್ನ ಕೈಗೆ ಕೊಟ್ಟಳು.

ಅದು ಎಫ್‌ಐಆರ್. ಪೊಲೀಸ್ ಠಾಣೆಯ ಸೀಲು ಹೊಡೆದದ್ದು. ಪಿರ್ಯಾದುದಾರರು ಎಂಬಲ್ಲಿ ಆಕೆಯ ಹೆಸರು. ಆರೋಪಿ ಎಂಬಲ್ಲಿ ಆಕೆಯ ಗಂಡನ ಹೆಸರು. ಅತಿವೇಗ ಮತ್ತು ಅಜಾಗರೂಕತೆಯಿಂದ ದ್ವಿಚಕ್ರ ವಾಹನ ಚಲಾಯಿಸಿ, ತಾನೇ ಬಿದ್ದು ಗಾಯಗೊಂಡಿರುತ್ತಾನೆ ಎಂದು ಕೆಳಗೆ ಬರೆದಿತ್ತು.

"ಇದನ್ನ ಯಾಕಮ್ಮಾ ಮಾಡ್ಸಿದೆ?"

"ನೀವ ಕೇಳಿದ್ರಲ್ರಿ, ಕೇಸ್ ಪೇಪರ್ ತರ್ರಿ ಅಂತ. ನಮ್ಮ ಓಣ್ಯಾಗ ಕಾಲೇಜಿಗೆ ಹೋಗೂ ಹುಡಿಗಿ ಮೆಸೇಜ್ ಓದಿ ಹೇಳಿದ್ಳ್ರಿ. ಕೇಸ್ ಪೇಪರ್ ಅಂದ್ರ ಸ್ಟೇಷನ್ನಾಗ ಸಿಗ್ತಾವಂತ ಹೋದೆ. ಕೇಸೇ ಆಗಿಲ್ಲ, ಪೇಪರ್ ಎಲ್ಲಿಂದ ಕೊಡೋಣಮ್ಮ ಅಂದ್ರು. ನಾ ಬಿಡಲಿಲ್ರಿ. ಮುಂಜಾನಿ ರೊಟ್ಟಿ ಬಡ್ದು ಬಂದು ದಿನಾ ಅಲ್ಲೇ ಕುಂತೆ."

"ಆಮೇಲೆ?"

"ಕಡೀಕ ಒಬ್ರು ಪೊಲೀಸ್ರು, ಎದುರಿಗೆ ಬ್ಯಾರೆ ಗಾಡಿ ಇಲ್ಲಂದ್ರ ಬಿದ್ದಾಂವನ ಮ್ಯಾಲೇ ಕೇಸ್ ಆಗತ್ತೆ, ನಡೆಯತ್ತಾ ಅಂತ ಕೇಳಿದ್ರು. ನಡೀತೈತ್ರಿ, ಪೇಪರ್ ಒಂದು ಕೊಡ್ರಿ ಅಂದೆ."

ಆಕೆಯ ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. ಕಷ್ಟಪಟ್ಟು ಅಲೆದು ತಂದ ಕಾಗದ ಅದು. ಗಂಡನ ಕಾಲು ಉಳಿಸಲೆಂದು ಗಂಡನ ಮೇಲೆಯೇ ಕೇಸು ಹಾಕಿಸಿ ಬಂದಿದ್ದಳು. ನನಗೆ ಟೀ ಬೇಡವಾಯಿತು. ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಹೋದೆ.

ಮ್ಯಾನೇಜರ್ ಕಾಗದವನ್ನು ನೋಡಿದರು, ಫೈಲು ತೆರೆದು ನೋಡಿದರು. "ನಾವು ಎಫ್‌ಐಆರ್ ಕೇಳೇ ಇಲ್ವಲ್ಲ ಮೇಡಂ. ಕರೆಕ್ಟಾಗಿ ಇಂಡೋರ್ ಅಂತ ಇದೆ."

"ಇಂಡೋರ್ ಅಂದ್ರೆ ಆ ಯಮ್ಮನಿಗೆ ಶಟಲ್ ಆಡೋ ಸ್ಟೇಡಿಯಂ ಸಾರ್! ಕೇಸ್ ಅಂದ್ರೆ ಪೊಲೀಸ್ ಕೇಸು. ನಿಮ್ಮನೇಲಿ ಕೇಳಿ ನೋಡಿ, ಕೇಸ್ ಅಂದ್ರೆ ಏನು ಅಂತ."

"ಪರ್ಸನಲ್ ಆಗಿ ಮಾತಾಡ್ಬೇಡಿ."

ಮೂಲೆಯ ಕ್ಯಾಬಿನ್ನಿನಲ್ಲಿ ನಮ್ಮ ಮೆಡಿಕಲ್ ಆಫೀಸರ್ ಕೂರುತ್ತಾರೆ. ಕೊನೆಯ ತೀರ್ಮಾನ ಈ ಡಾಕ್ಟರದು. ಅವರ ಬಳಿ ಹೋದೆ. ಅವರು ಕೆಟ್ಟವರಲ್ಲ, ಆದರೆ ಅವರಿಗೂ ಎದುರಿಗಿರುವುದು ಸ್ಕ್ರೀನೊಂದೇ.

"ಆಕ್ಸಿಡೆಂಟ್ ಆಗಿ ಇಷ್ಟು ದಿನ ಬಿಟ್ಟು ಎಫ್‌ಐಆರ್ ಹಾಕ್ಸಿದಾರೆ. ಅದೂ ಅಜಾಗರೂಕತೆ ಅಂತ. ಕುಡಿದಿದ್ನೋ ಏನೋ ಯಾರಿಗ್ ಗೊತ್ತು? ನಾನ್ ಹೆಂಗ್ ಪಾಸ್ ಮಾಡ್ಲಿ?"

"ಡಾಕ್ಟ್ರೇ, ಆ ಎಫ್‌ಐಆರ್ ಹಾಕ್ಸಿದ್ದು ನಾವು. ನಮ್ಮ ಮೆಸೇಜು."

ಅವರು ಫೈಲನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದರು. "ಅಡ್ಮಿಟ್ ಆದ ದಿನದ ವಾರ್ಡ್ ನೋಟ್ಸ್ ತೋರಿಸಿ. ಕುಡಿದಿರ್ಲಿಲ್ಲ, ಹೇಗೆ ಬಿದ್ದ ಅಂತ ಅದರಲ್ಲಿದ್ರೆ ಈಗ್ಲೇ ಎರಡೂ ಪಾಸ್ ಮಾಡ್ತೀನಿ."

ಮರುದಿನ ಅರ್ಧ ದಿನ ರಜೆ ಹಾಕಿ ಮೂಡಲಪಾಳ್ಯದ ನಮ್ಮ ಮನೆಯಿಂದ ನೇರ ಆ ಆಸ್ಪತ್ರೆಗೆ ಹೋದೆ. ಡ್ರೆಸ್ಸಿಂಗ್ ಮಾಡಿಸಲು ಆಕೆ ಗಂಡನನ್ನು ಆಟೋದಲ್ಲಿ ಕರೆತಂದಿದ್ದಳು. ಅವನು ವೀಲ್‌ಚೇರಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದ. ಹತ್ತಿರ ಹೋದರೆ ವಾಸನೆ. ಕೀವಿನ ವಾಸನೆ ಗೊತ್ತಿರುವವರಿಗೆ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ.

"ಅಕ್ಕಾರ, ನನ್ನ ಮ್ಯಾಲ ನನ್ನ ಹೆಂಡ್ತೀನೇ ಕೇಸ್ ಹಾಕ್ಯಾಳ್ರಿ" ಎಂದು ನಗಲು ನೋಡಿದ. ಆಮೇಲೆ ನಗು ನಿಲ್ಲಿಸಿ, "ನಾ ಜೋರ್ ಹೊಡದಿದ್ದಿಲ್ರಿ. ದೇವರಾಣಿ. ಮಣ್ಣಾಗ ಗಾಲಿ ಜಾರಿತು" ಎಂದ. ನನಗೆ ಅವನು ಯಾಕೆ ಸಮಜಾಯಿಷಿ ಕೊಡಬೇಕು? ಆದರೂ ಕೊಡುತ್ತಿದ್ದ. ಆರೋಪಿ ಎಂದು ಒಮ್ಮೆ ಬರೆದುಬಿಟ್ಟರೆ ಮನುಷ್ಯ ಕಂಡಕಂಡವರಿಗೆಲ್ಲ ಸಮಜಾಯಿಷಿ ಕೊಡಲು ಶುರು ಮಾಡುತ್ತಾನೆ.

ಡ್ರೆಸ್ಸಿಂಗ್ ರೂಮಿನ ಡಾಕ್ಟರು ನನ್ನ ಐಡಿ ಕಾರ್ಡ್ ನೋಡಿ ಅಲ್ಲೇ ತರಾಟೆಗೆ ತೆಗೆದುಕೊಂಡರು. "ನೀವೇನಾ ಅಪ್ರೂವಲ್ ಕೊಡ್ದೆ ಇರೋರು? ಇನ್ಫೆಕ್ಷನ್ ಮೂಳೆಗೆ ಇಳಿದ್ರೆ ಆಮೇಲೆ ಕಾಲು ಉಳಿಯೋ ಮಾತು ನಾನ್ ಹೇಳಲ್ಲ." ನಾನು ಬೈಸಿಕೊಂಡೆ. ಬೈಯಬೇಕಾದ್ದೇ.

ರೆಕಾರ್ಡ್ ರೂಮು ಕೆಳಗಡೆ ಬೇಸ್‌ಮೆಂಟಿನಲ್ಲಿತ್ತು. ಅಲ್ಲಿದ್ದ ಮಹಿಳೆ ಹೆಸರು ಟೈಪ್ ಮಾಡಿ, ಫೈಲು ಇದೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಕೈಗೆ ಕೊಡಲಿಲ್ಲ.

"ಪೇಶೆಂಟ್ ಕಡೆಯೋರು ಕೇಳಿದ್ರೆ ಅರ್ಜಿ ಬರೀಬೇಕು, ಸೂಪರಿಂಟೆಂಡೆಂಟ್ ಸೈನ್ ಆಗ್ಬೇಕು, ಅವರು ಊರಲ್ಲಿಲ್ಲ. ಅದೇ ಇನ್ಶೂರೆನ್ಸ್ ಆಫೀಸ್ ಲೆಟರ್‌ಹೆಡ್‌ನಲ್ಲಿ ಒಂದು ಲೆಟರ್ ಬಂದ್ರೆ ಇವತ್ತೇ ಸ್ಕ್ಯಾನ್ ಮಾಡಿ ಮೇಲ್ ಹಾಕ್ತೀನಿ. ಬೇರೆ ಆಫೀಸಿನೋರು ಹಂಗೇ ಮಾಡ್ತಾರೆ. ನಿಮ್ಮೋರು ಮಾತ್ರ ಯಾವತ್ತೂ ಕೇಳಲ್ಲ, ಪೇಶೆಂಟ್‌ನೇ ಓಡಾಡಿಸ್ತಾರೆ."

ಮೈಯೆಲ್ಲ ಉರಿದುಹೋಯಿತು. ಆಕೆಗೆ ಆ ಮೆಸೇಜು ಸರಿಯಾಗಿ ಅರ್ಥವಾಗಿದ್ದರೂ ಆ ಕಾಗದ ಸಿಗುತ್ತಿರಲಿಲ್ಲ. ನಾವು ಕೇಳಿದರೆ ಅವತ್ತೇ ಸಿಗುವುದನ್ನು, ಕೇಳಿದರೂ ಸಿಗದವರ ಹತ್ತಿರ ತನ್ನಿ ಎಂದು ಕೇಳುತ್ತಿದ್ದೆವು. ಕೇಳಿ, ಗಡಿಯಾರ ನಿಲ್ಲಿಸಿಕೊಂಡು, ಹಸಿರು ನೋಡಿಕೊಂಡು ಕೂತಿದ್ದೆವು. ಥೂ ನಮ್ಮ ಜನ್ಮಕ್ಕಿಷ್ಟು ಎನಿಸಿತು.

ಆಫೀಸಿಗೆ ಬಂದವಳೇ ಲೆಟರ್ ಟೈಪ್ ಮಾಡಿ ಮ್ಯಾನೇಜರ್ ಮುಂದಿಟ್ಟೆ. ಸಹಿ ಅವರದೇ ಆಗಬೇಕು.

"ಆಗಲ್ಲ ಮೇಡಂ. ಡಾಕ್ಯುಮೆಂಟ್ ತರೋದು ಕ್ಲೇಮ್ ಮಾಡಿದೋರ ಜವಾಬ್ದಾರಿ. ನಾವೇ ಲೆಟರ್ ಕೊಟ್ರೆ, ಬಾಕಿ ನಮ್ಮ ಕಡೆ ಇದೆ ಅಂತಾಗತ್ತೆ. ಗಡಿಯಾರ ಓಡತ್ತೆ."

"ಓಡ್ಲಿ ಸಾರ್. ಓಡೋಕೇ ತಾನೇ ಇಟ್ಟಿರೋದು?"

"ಇವರೊಬ್ಬರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗತ್ತೆ."

"ಎಲ್ರಿಗೂ ಕೊಡಿ."

"ನೀವು ಎಮೋಷನಲ್ ಆಗ್ತಾ ಇದೀರ" ಎಂದರು. ಲೆಟರನ್ನು ಮಡಿಸಿ ನನ್ನ ಕಡೆಗೇ ತಳ್ಳಿದರು. ಹೆಂಗಸು ಸರಿಯಾದ ಮಾತು ಜೋರಾಗಿ ಹೇಳಿದರೆ ಅದು ಎಮೋಷನ್. ಗಂಡಸು ತಪ್ಪು ಮಾತು ಮೆಲ್ಲಗೆ ಹೇಳಿದರೆ ಅದು ಮ್ಯಾನೇಜ್‌ಮೆಂಟು.

ನನ್ನ ಸೀಟಿಗೆ ಬಂದು ಕೂತೆ. ಫೈಲು ತೆರೆದೆ. ಕ್ವೆರಿ ಬಟನ್ನಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಟನ್ ಇದೆ. ಕ್ವೆರಿ ವಾಪಸ್ ಪಡೆಯುವುದು ಅದರ ಕೆಲಸ. ತಪ್ಪಿ ಟಿಕ್ ಬಿದ್ದರೆ ಸರಿಪಡಿಸಿಕೊಳ್ಳಲೆಂದು ಇಟ್ಟದ್ದು. ಅದನ್ನು ಒತ್ತುವ ಅಧಿಕಾರ ನಮಗೆಲ್ಲರಿಗೂ ಇದೆ, ಆದರೆ ಯಾರೂ ಒತ್ತುವುದಿಲ್ಲ. ಒತ್ತಿದರೆ ನಿಂತ ಗಡಿಯಾರ ಮತ್ತೆ ಓಡುವುದಷ್ಟೇ ಅಲ್ಲ, ನಿಂತಿದ್ದ ಅಷ್ಟೂ ದಿನಗಳು ನಮ್ಮ ಲೆಕ್ಕಕ್ಕೆ ಬಂದು ಬೀಳುತ್ತವೆ.

ಒತ್ತಿದೆ. ಆಕೆಯ ಗಂಡನ ಸಾಲು ತಕ್ಷಣ ಕೆಂಪಾಯಿತು.

ಒಂದು ಕೆಂಪು ಸಾಲಿಗೆ ಯಾರೂ ಕುರ್ಚಿಯಿಂದ ಏಳುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ನನ್ನ ಹೆಸರಿನಲ್ಲಿದ್ದ ಫೈಲುಗಳಲ್ಲಿ ಇಂಡೋರ್ ಕೇಸ್ ಪೇಪರ್ಸ್ ಕೇಳಿದ್ದವನ್ನೆಲ್ಲ ಹುಡುಕಿದೆ. ಕಿಡ್ನಿ ಕಲ್ಲಿನವರು, ಹೆರಿಗೆಯವರು, ಡೆಂಗಿಯವರು, ಕೆಂಗೇರಿಯವರು, ಮಲ್ಲತ್ತಹಳ್ಳಿಯವರು, ಎಲ್ಲರೂ ಇದ್ದರು. ಒಂದೊಂದಾಗಿ ಕ್ವೆರಿ ವಾಪಸ್ ತೆಗೆದೆ. ಪ್ರತಿಯೊಂದರ ಕೆಳಗೂ ಒಂದೇ ಕಾರಣ ಬರೆದೆ: ಈ ಕಾಗದ ಆಸ್ಪತ್ರೆಯಲ್ಲಿದೆ, ಕೇಳಬೇಕಾದವರು ನಾವು. ಪಕ್ಕದ ಸೀಟಿನ ಗೆಳತಿ ಇಣುಕಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ, ಏನೇ ಮಾಡ್ತಾ ಇದೀಯ? ಕೆಲ್ಸ ಹೋಗತ್ತೆ ಕಣೇ!"

"ಹೋಗ್ಲಿ ಬಿಡೇ. ಖಾನಾವಳೀಲಿ ರೊಟ್ಟಿ ತಟ್ಟೋಕೆ ಹೋಗ್ತೀನಿ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತನ್ನ ಕಂಪ್ಯೂಟರಿಗೆ ತಿರುಗಿ ತಾನೂ ಶುರು ಮಾಡಿದಳು. ಅವಳ ಹಿಂದಿನ ಸಾಲಿನವರೂ ಕೈ ಹಾಕಿದರು. ಗೋಡೆಗೆ ಹಾಕಿದ ದೊಡ್ಡ ಸ್ಕ್ರೀನು ಮೇಲಿನಿಂದ ಕೆಳಗೆ ಕೆಂಪಾಗುತ್ತ ಹೋಯಿತು. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವರು ಹೊರಗೆ ಓಡಿಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಏನ್ರೀ ಇದು? ಸಿಸ್ಟಮ್ ಏನಾದ್ರೂ ಹ್ಯಾಂಗ್ ಆಗಿದ್ಯಾ?"

"ಇಲ್ಲ ಸಾರ್, ಈಗ ಸರಿಯಾಗಿ ತೋರಿಸ್ತಾ ಇದೆ" ಎಂದೆ. "ಲೆಟರ್‌ಗೆ ಸೈನ್ ಹಾಕಿ. ಕಾಗದ ಇವತ್ತೇ ಬರತ್ತೆ, ಹಸಿರಾಗತ್ತೆ. ಇಲ್ಲಾಂದ್ರೆ ಕಂಪನಿಯೋರಿಗೆ ಈ ಆರೋಪಿಯ ಎಫ್‌ಐಆರ್‌ನ ನಾನೇ ಕಳಿಸ್ತೀನಿ. ಯಾರು ಕೇಳಿದ್ದಕ್ಕೆ ಆಯ್ತು ಅಂತ ಅವ್ರೇ ವಿಚಾರಿಸ್ಲಿ."

ಸಹಿ ಹಾಕಿದರು. ಪೆನ್ನನ್ನು ಟೇಬಲ್ಲಿನ ಮೇಲೆ ಎಸೆದು ಒಳಗೆ ಹೋದರು.

ರೆಕಾರ್ಡ್ ರೂಮಿನ ಮಹಿಳೆ ಮಾತು ಉಳಿಸಿಕೊಂಡರು. ಆಫೀಸು ಮುಚ್ಚುವುದರೊಳಗೆ ಅಷ್ಟೂ ಹಾಳೆ ಮೇಲ್ ಮೂಲಕ ಬಂದವು. ಮೊದಲ ಹಾಳೆಯಲ್ಲೇ ನರ್ಸು ಬರೆದಿದ್ದರು: ಅಗೆದ ರಸ್ತೆಯಲ್ಲಿ ಗಾಡಿ ಜಾರಿ ಬಿದ್ದದ್ದು, ಹೆಲ್ಮೆಟ್ ಇತ್ತು, ಮದ್ಯದ ವಾಸನೆ ಇಲ್ಲ, ದಾರಿಹೋಕರು ಕರೆತಂದರು. ನಮಗೆ ಬೇಕಾಗಿದ್ದದ್ದು ಇಷ್ಟೇ ಮಾತು. ನಮ್ಮ ಮೆಡಿಕಲ್ ಆಫೀಸರ್ ಓದಿ, ಎರಡನ್ನೂ ಪಾಸ್ ಮಾಡಿದರು. ಆಪರೇಷನ್ ಆಯಿತು. ಕಾಲು ಉಳಿಯಿತು. ಆದರೆ ಸೋಂಕು ಆಗಲೇ ಮೂಳೆಗೆ ತಾಗಿತ್ತು, ಒಂದಿಷ್ಟು ಕೆರೆದು ತೆಗೆಯಬೇಕಾಯಿತು. ಈಗ ಅವನು ಕುಂಟುತ್ತಾನೆ. ಗಾಡಿ ಓಡಿಸುವುದಿಲ್ಲ, ಖಾನಾವಳಿಯ ಗಲ್ಲಾದಲ್ಲಿ ಕೂರುತ್ತಾನೆ. ಸ್ವಲ್ಪ ಮುಂಚೆ ಆಗಿದ್ದರೆ ಎಂದು ಆಸ್ಪತ್ರೆಯ ಡಾಕ್ಟರು ಶುರು ಮಾಡಿದ ಮಾತನ್ನು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಉಳಿದ ಕೆಂಪು ಸಾಲುಗಳಿಗೂ ಒಂದೊಂದು ಲೆಟರ್ ಹೋಗಲೇಬೇಕಾಯಿತು; ಈಗ ನಮ್ಮಲ್ಲಿ ಅದೇ ಹೊಸ ಪದ್ಧತಿಯಾಗಿದೆ. ರೋಗಿ ಸೇರುವಾಗಲೇ ಒಪ್ಪಿಗೆಯ ಸಹಿ ಪಡೆಯುತ್ತೇವೆ, ವಾರ್ಡಿನ ಕಾಗದಗಳನ್ನು ಆಸ್ಪತ್ರೆಯಿಂದ ನಾವೇ ತರಿಸಿಕೊಳ್ಳುತ್ತೇವೆ. ವಾರಗಟ್ಟಲೆ ಹಿಡಿಯುತ್ತಿದ್ದದ್ದು ಒಂದೆರಡು ದಿನಕ್ಕೆ ಮುಗಿಯುತ್ತದೆ. ಮ್ಯಾನೇಜರ್ ಇದನ್ನು ತಮ್ಮ ಯೋಜನೆಯೆಂದು ದೊಡ್ಡ ಮೀಟಿಂಗಿನಲ್ಲಿ ತೋರಿಸಿ ಶಾಲು ಹೊದಿಸಿಕೊಂಡು ಬಂದರು. ನನಗೆ ಸಿಕ್ಕಿದ್ದು ಮೆಮೊ, ಅನುಮತಿ ಇಲ್ಲದೆ ಕ್ವೆರಿ ವಾಪಸ್ ಪಡೆದಿದ್ದಕ್ಕೆ. ಆ್ಯಪಿನ ಪಟ್ಟಿಯಲ್ಲಿ ಇಂಡೋರ್ ಕೇಸ್ ಪೇಪರ್ಸ್ ಎಂಬ ಹೆಸರು ಹಾಗೆಯೇ ಇದೆ. ಬದಲಾಯಿಸಿ ಎಂದು ಬರೆದದ್ದಕ್ಕೆ, ದೇಶಕ್ಕೆಲ್ಲ ಒಂದೇ ಪಟ್ಟಿ, ಬೆಂಗಳೂರಿಗೋಸ್ಕರ ಬದಲಾಯಿಸಲಾಗದು ಎಂದು ಉತ್ತರ ಬಂತು. ನಮ್ಮ ವ್ಯವಸ್ಥೆಯೊಳಗೆ ಬರದ ಸಣ್ಣಪುಟ್ಟ ಆಸ್ಪತ್ರೆಗಳ ರೋಗಿಗಳಿಗೆ ಇವತ್ತೂ ಅದೇ ಮೆಸೇಜು ಹೋಗುತ್ತದೆ. ಹೋದ ತಕ್ಷಣ ನಾನು ನನ್ನ ಸ್ವಂತ ಮೊಬೈಲಿನಿಂದ ಅವರಿಗೆ ಫೋನ್ ಮಾಡುತ್ತೇನೆ. "ಕೇಸ್ ಅಂದ್ರೆ ಪೊಲೀಸ್ ಕೇಸಲ್ಲಮ್ಮಾ, ಸ್ಟೇಷನ್ ಕಡೆ ತಲೆ ಹಾಕಬೇಡಿ" ಎನ್ನುವುದೇ ನನ್ನ ಮೊದಲ ಮಾತು.

ಮೊನ್ನೆ ಊಟದ ಹೊತ್ತಿಗೆ ಆಕೆ ಫೋನ್ ಮಾಡಿದಳು. ಕಾಲು ಹೇಗಿದೆ ಎಂದೆ. ಕಾಲು ಆರಾಮೈತ್ರಿ ಎಂದಳು. ಆಮೇಲೆ ವಿಷಯಕ್ಕೆ ಬಂದಳು.

"ಅಕ್ಕಾರ, ಕೋರ್ಟಿನಿಂದ ಕಾಗದ ಬಂದೈತ್ರಿ. ಇವ್ರು ಆರೋಪಿ ಅಂತ, ನಾ ಸಾಕ್ಷಿ ಹೇಳಾಕ ಬರ್ಬೇಕಂತ. ಇವ್ರು ನಿನ್ನೆಯಿಂದ ಊಟ ಬಿಟ್ಟಾರ್ರಿ. ನಿಮ್ಮ ಆಫೀಸಿನ ಕೆಲ್ಸ ಮುಗೀತಲ್ರಿ. ಆ ಕೇಸ್ ಪೇಪರ್ ಸ್ಟೇಷನ್ನಿಗೆ ತಿರುಗಿ ಕೊಟ್ರ ಕೇಸ್ ಹೋಗ್ತೈತೇನ್ರಿ?"

ಕಾಗದ ತಿರುಗಿ ಕೊಟ್ಟರೆ ಹೋಗುವ ಕೇಸಲ್ಲ ಅದು. ಎದುರಿನ ಗೋಡೆಯ ಸ್ಕ್ರೀನು ಮೇಲಿನಿಂದ ಕೆಳಗಿನವರೆಗೂ ಹಸಿರಾಗಿತ್ತು.